ಜಗಳೂರಜ್ಜಿಯ ಹೆಸರು ಪೌತಿ ಖಾತೆಯಲ್ಲಿತ್ತು: ಮನೆಯ ಹಿರಿಯರನ್ನು ದಾಖಲೆಯಲ್ಲಿ ಹುಡುಕುವ ದಾರಿ

ನಮ್ಮ ಮನೆಯಲ್ಲಿ ಅವಳನ್ನು ಎಲ್ಲರೂ ಜಗಳೂರಜ್ಜಿ ಅಂತಲೇ ಹೇಳುತ್ತಿದ್ದರು. ನನ್ನ ಅಜ್ಜನ ತಾಯಿ, ಅಂದರೆ ನನಗೆ ಮುತ್ತಜ್ಜಿ. ಜಗಳೂರು ಕಡೆಯಿಂದ ಸೊಸೆಯಾಗಿ ಬಂದವಳು, ಅದಕ್ಕೇ ಆ ಹೆಸರು. ನಿಜವಾದ ಹೆಸರೇನು ಅಂತ ಕೇಳಿದರೆ ಅಪ್ಪನಿಗೂ ಗೊತ್ತಿಲ್ಲ, ಸೋದರತ್ತೆಗೂ ಗೊತ್ತಿಲ್ಲ. ಇಡೀ ಜೀವಮಾನ ನಮ್ಮ ಮನೆಗೆ ದುಡಿದ ಹೆಂಗಸಿನ ಹೆಸರು ಮೂರನೇ ತಲೆಗೇ ಅಳಿಸಿ ಹೋಗಿತ್ತು ಅನ್ನೋದು ನನಗೆ ತುಂಬಾ ನೋವಾಯಿತು. ಹುಡುಕಲೇಬೇಕು ಅಂತ ಹೊರಟೆ. ರಜೆ ಸಿಕ್ಕಾಗಲೆಲ್ಲ ಊರು, ತಾಲ್ಲೂಕು ಕಚೇರಿ, ನೆಂಟರ ಮನೆ ಅಂತ ತಿರುಗಿ ಸುಮಾರು ಎರಡು ವರ್ಷ ಹಿಡಿಯಿತು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮೂರು ದಾವಣಗೆರೆ ತಾಲ್ಲೂಕು ಆನಗೋಡು ಹೋಬಳಿ, ಹಾಗಾಗಿ ಉದಾಹರಣೆಗಳೆಲ್ಲ ದಾವಣಗೆರೆ ಮತ್ತು ಚಿತ್ರದುರ್ಗದ ಕಡೆಯವು.

ಜನಗಣತಿಯಲ್ಲಿ ಹೆಸರು ಸಿಗುವುದಿಲ್ಲ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಶುರು ಮಾಡಿದ್ದೇ ಇಲ್ಲಿಂದ, ಒಂದು ತಿಂಗಳು ಸುಮ್ನೆ ಹೋಯಿತು. ವಂಶ ಹುಡುಕುವ ಬಗ್ಗೆ ಹೊರದೇಶದವರು ಬರೆದಿದ್ದನ್ನು ಓದಿದರೆ ಮೊದಲು ಜನಗಣತಿ, ಆಮೇಲೆ ಮರಣ ದಾಖಲೆ, ಆಮೇಲೆ ಡಿಎನ್‌ಎ ಅಂತ ಇರುತ್ತದೆ. ಅಮೆರಿಕದಲ್ಲಿ ಮನೆಮನೆಯ ಗಣತಿ ಹಾಳೆಗಳನ್ನು 72 ವರ್ಷದ ನಂತರ ತೆರೆದು ಇಡುತ್ತಾರೆ, 1950ರದ್ದು 2022ರಲ್ಲಿ ಹೊರಗೆ ಬಂತು. ಇಂಗ್ಲೆಂಡಿನಲ್ಲಿ 100 ವರ್ಷ. ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿದಾರರು ಬರೆದುಕೊಂಡ ಹಾಳೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಎಷ್ಟು ವರ್ಷ ಕಳೆದರೂ ಇಲ್ಲ. ನಮಗೆ ಸಿಗುವುದು ಲೆಕ್ಕ ಮಾತ್ರ.

ಆದರೆ ಆ ಲೆಕ್ಕವೂ ಒಂದು ಕೆಲಸಕ್ಕೆ ಬರುತ್ತದೆ. ಮೈಸೂರು ಸಂಸ್ಥಾನದ ಹಳೆಯ ಗಣತಿ ವರದಿಗಳು ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲೇ ಇವೆ. 1871ರಲ್ಲಿ ಸಂಸ್ಥಾನದ ಜನ 50 ಲಕ್ಷಕ್ಕೂ ಜಾಸ್ತಿ ಇದ್ದರು, 1881ರ ಹೊತ್ತಿಗೆ 42 ಲಕ್ಷಕ್ಕೂ ಕಮ್ಮಿ ಆಗಿದ್ದರು. ನಡುವೆ ಬಂದಿದ್ದು 1876ರಿಂದ 78ರ ದೊಡ್ಡ ಬರ. ನಿಮ್ಮ ಮನೆತನದ ಕಥೆ ಆ ಬರದ ಹತ್ತಿರ ಬಂದು ತುಂಡಾಗುತ್ತಿದ್ದರೆ, ಹಿಂದಿನ ಊರು ಯಾವುದು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ಕಾರಣ ಅಲ್ಲಿರಬಹುದು. ಬರಕ್ಕೆ ಊರು ಬಿಟ್ಟವರು ಎಷ್ಟೋ ಜನ ವಾಪಸ್ ಹೋಗಲಿಲ್ಲ. ಇನ್ನು 1951ರಿಂದ ಈಚೆಗೆ ಜಿಲ್ಲಾ ಜನಗಣತಿ ಕೈಪಿಡಿಗಳಿವೆ, ಅದರಲ್ಲಿ ಊರೂರಿನ ಜನಸಂಖ್ಯೆ ನೋಡಬಹುದು. ಇಷ್ಟೇ. ಇದಕ್ಕಿಂತ ಜಾಸ್ತಿ ಗಣತಿಯಿಂದ ನಿರೀಕ್ಷೆ ಮಾಡಬೇಡಿ.

ಶುರು ಮನೆಯಿಂದ

ಮನೆಯಲ್ಲಿ, ಓಣಿಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರೋ ಅವರ ಹತ್ತಿರ ಈ ವಾರವೇ ಹೋಗಿ. ಕಚೇರಿಯ ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಅವರು ಕಾಯುವುದಿಲ್ಲ. ಹೋದವರು "ನಿಮ್ಮ ಅಜ್ಜನ ಅಪ್ಪನ ಹೆಸರೇನು" ಅಂತ ಪರೀಕ್ಷೆ ಥರ ಕೇಳಬೇಡಿ. ಗೊತ್ತಿಲ್ಲ ಅಂತ ಒಂದೇ ಮಾತಲ್ಲಿ ಮುಗಿದು ಹೋಗುತ್ತದೆ. ನನಗೆ ಉತ್ತರ ಸಿಕ್ಕಿದ್ದು ಬೇರೆ ಥರದ ಪ್ರಶ್ನೆಗಳಿಂದ.

ಯಾರ ಮನೆಯಲ್ಲಿ ಸಾವಾದರೆ ನಮಗೆ ಸೂತಕ? ಇದು ಬಹಳ ಒಳ್ಳೆಯ ಪ್ರಶ್ನೆ. ಸೂತಕ ಹಿಡಿಯುವ ಮನೆಗಳು ಅಂದರೆ ಅಣ್ಣತಮ್ಮಂದಿರ ಮನೆಗಳು, ಎಲ್ಲೋ ಹಿಂದೆ ಒಬ್ಬನೇ ಅಜ್ಜನ ಮಕ್ಕಳು. ಹೇಗೆ ಅಣ್ಣತಮ್ಮಂದಿರು ಅನ್ನೋದು ಮರೆತು ಹೋಗಿದ್ದರೂ ಸೂತಕ ಮಾತ್ರ ನಡೆದುಕೊಂಡು ಬಂದಿರುತ್ತದೆ. ಸೂತಕ ಆಚರಿಸದ ಮನೆಗಳಲ್ಲಿ "ಯಾರ ಮನೆಗೆ ಹೆಣ್ಣು ಕೊಡುವ ಹಾಗಿಲ್ಲ" ಅಂತ ಕೇಳಿ, ಅದೇ ಉತ್ತರ ಬರುತ್ತದೆ. ನಮ್ಮ ಬೆಡಗು (ಗೋತ್ರದ ಥರ, ಒಂದೇ ಮೂಲದ ಮನೆಗಳ ಗುಂಪಿನ ಹೆಸರು) ಯಾವುದು, ಮನೆದೇವರು ಯಾವುದು, ಮೊದಲ ಕೂದಲು ಎಲ್ಲಿ ತೆಗೆಸುತ್ತೇವೆ, ಇದನ್ನೂ ಬರೆದುಕೊಳ್ಳಿ. ಚಳ್ಳಕೆರೆ ಕಡೆಯ ಮನೆಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಮನೆದೇವರಾದರೆ ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಆದರೆ ಹೊಸದುರ್ಗದ ಕಡೆಯ ಒಂದು ಮನೆಗೆ ದೂರದ ಮೈಲಾರವೋ ಉಚ್ಚಂಗಿದುರ್ಗವೋ ಮನೆದೇವರ ಜಾಗವಾಗಿದ್ದರೆ, ಹಿಂದಿನವರು ಆ ಸೀಮೆಯಿಂದ ಬಂದವರಾ ಅಂತ ಹುಡುಕಲು ಒಂದು ದಿಕ್ಕು ಸಿಕ್ಕಿತು. ದಿಕ್ಕು ಮಾತ್ರ, ಸಾಕ್ಷಿ ಅಲ್ಲ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಯಾರ ಯಾರ ಹೆಸರು ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿ. ನಮ್ಮ ಮನೆಯಲ್ಲಿ ಅಜ್ಜ, ಮುತ್ತಜ್ಜ ಇಬ್ಬರ ಹೆಸರು ಹೇಳಿ, ಆಮೇಲೆ "ಜಗಳೂರಜ್ಜಿಗೆ" ಅಂತ ಒಂದು ಸೀರೆ, ಬಳೆ ಇಡುತ್ತಿದ್ದರು.

ಆಮೇಲೆ ಟ್ರಂಕು, ಅಟ್ಟ. ಹಳೆಯ ಮದುವೆಗಳ ಮುಯ್ಯಿ ಪುಸ್ತಕ ಇದ್ದರೆ ಅದು ಬಂಗಾರ. ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಸಾಲಾಗಿ ಬರೆದಿರುತ್ತಾರೆ, ಪಟ್ಟಿಯ ಮೊದಲಲ್ಲಿ ಸೋದರಮಾವಂದಿರ ಹೆಸರೇ ಇರುತ್ತದೆ. ಹಾಗೇ ಪಾತ್ರೆಗಳನ್ನು ತಿರುಗಿಸಿ ನೋಡಿ. ಹಂಡೆ, ಕೊಡ, ಬೋಗುಣಿ, ಚರಿಗೆ ಇವುಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ನಮ್ಮ ಅಟ್ಟದಲ್ಲಿ ಒಂದು ಹಿತ್ತಾಳೆ ಬೋಗುಣಿ ಇತ್ತು, ಅದರ ಮೇಲೆ ಯಾವುದೋ ಹೆಣ್ಣಿನ ಹೆಸರು, ಕೆಳಗೆ ಯಾವುದೋ ಗಂಡಸಿನ ಹೆಸರು, ಒಂದು ಊರು. ನಮ್ಮ ಮನೆಯವರ ಹೆಸರಲ್ಲ, ಎಲ್ಲೋ ಹಳೆಯದನ್ನು ಕೊಂಡು ತಂದಿರಬೇಕು ಅಂತ ಅಪ್ಪ ಹೇಳಿದ್ದರು. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು, ಹೆಳವರು. ನಮ್ಮ ಕಡೆ ಎಷ್ಟೋ ಮನೆತನಗಳಿಗೆ ತಲೆತಲಾಂತರದಿಂದ ಬಂದು ವಂಶಾವಳಿ ಹೇಳುವವರು ಇವರು. ಹಿಂದೆ ಎತ್ತಿನ ಮೇಲೆ, ಬಂಡಿಯಲ್ಲಿ ಬರುತ್ತಿದ್ದರು. ಮನೆತನ ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ನೆಲೆ ನಿಂತಿತು, ಯಾರಿಗೆ ಎಷ್ಟು ಮಕ್ಕಳು ಅಂತ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ತೆಗೆದುಕೊಂಡು ಹೋಗುತ್ತಾರೆ. ಬಂದಾಗ ಎರಡು ಕಾಳು ಕೊಟ್ಟು ಬೇಗ ಕಳಿಸಿಬಿಡಬೇಡಿ. ಕೂರಿಸಿ, ಊಟ ಹಾಕಿ, ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹತ್ತಿರದ ನಾಲ್ಕೈದು ತಲೆಮಾರು ಅವರು ಹೇಳಿದ್ದು ಕಾಗದದ ಜೊತೆ ತಾಳೆಯಾಗುತ್ತದಾ ನೋಡಿ. ಅದಕ್ಕಿಂತ ಹಿಂದಿನದನ್ನು ಕಥೆ ಅಂತ ಬೇರೆ ಹಾಳೆಯಲ್ಲಿ ಬರೆದಿಡಿ. ಚಿತ್ರದುರ್ಗದ ಸೀಮೆಯಲ್ಲಿ ನಮ್ಮ ಮೂಲ ಪಾಳೇಗಾರರ ಮನೆಗೇ ಹೋಗುತ್ತದೆ ಅಂತ ಹೇಳುವ ಕುಟುಂಬಗಳು ಬಹಳ. ನಿಜ ಇರಬಹುದು. ಆದರೆ ದುರ್ಗ ಹೈದರಾಲಿಗೆ ಬಿದ್ದಿದ್ದು 1779ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಎಂಟು, ಒಂಬತ್ತು ತಲೆಮಾರು ಒಂದೊಂದಾಗಿ ಹೆಸರು ಜೋಡಿಸದೆ ಮೇಲಕ್ಕೆ ಹಾರಬಾರದು.

ಒಂದೇ ಹೆಸರು, ಒಂದೇ ಸಂವತ್ಸರ

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿ. ಹಳೆಯ ಪಂಚಾಂಗದ ಹಿಂದಿನ ಹಾಳೆಯಲ್ಲಿ ಮುತ್ತಜ್ಜನ ಹೆಸರು ಬರೆದು, ಮುಂದೆ "ಈಶ್ವರ ಸಂವತ್ಸರ ಮಾಘ ಮಾಸ" ತೀರಿಕೊಂಡ ಅಂತ ಯಾರೋ ಬರೆದಿದ್ದರು. ನಾನು ಈಶ್ವರ ಸಂವತ್ಸರ ಅಂದ ಕೂಡಲೇ ದೊಡ್ಡ ಬರದ ವರ್ಷ, 1877-78 ಅಂದುಕೊಂಡೆ. ಧಾತು, ಈಶ್ವರ ಅಂದರೆ ಹಳಬರಿಗೆ ಆ ಬರವೇ ನೆನಪು. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1937-38 ಕೂಡ ಈಶ್ವರವೇ, ಆ ಮಾಘ ಮಾಸ 1938ರ ಆರಂಭಕ್ಕೆ ಬರುತ್ತದೆ. ಅದರ ಜೊತೆ ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಹನುಮಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಹನುಮಪ್ಪ, ಹೀಗೆ ಸಾಗುತ್ತದೆ. ನಾನು ಒಂದೇ ಹೆಸರಿನ ಅಜ್ಜ, ಮೊಮ್ಮಗ ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿಕೊಂಡು, ತಪ್ಪು ವರ್ಷಗಳ ಕಾಗದ ಹುಡುಕುತ್ತಾ ಕೂತಿದ್ದೆ.

ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ. ಹೆಸರು ಒಂದನ್ನೇ ಬರೆಯಬೇಡಿ, ತಂದೆಯ ಹೆಸರು ಸೇರಿಸಿಯೇ ಬರೆಯಿರಿ. ಸಂವತ್ಸರ ಸಿಕ್ಕರೆ 60 ವರ್ಷ ಹಿಂದೆ, 60 ವರ್ಷ ಮುಂದೆ ಎರಡನ್ನೂ ಪಕ್ಕದಲ್ಲಿ ಬರೆದು, ಆ ಮನುಷ್ಯನ ಮಕ್ಕಳ ವಯಸ್ಸಿಗೆ ಯಾವುದು ಹೊಂದುತ್ತದೆ ನೋಡಿ. ಗೊತ್ತಿರುವ ಘಟನೆಗಳಿಗೂ ಕಟ್ಟಿ ನೋಡಬಹುದು. "ಎಲ್ಲರ ಮನೆಯಲ್ಲೂ ಜ್ವರ ಬಂದು ಜನ ಹೋದ ವರ್ಷ" ಅಂದರೆ ಬಹುಶಃ 1918ರ ಇನ್‌ಫ್ಲುಯೆಂಜಾ, ಅದು ಕಾಳಯುಕ್ತಿ ಸಂವತ್ಸರ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು ಅಂದರೆ ಪ್ಲೇಗು, ಮೈಸೂರು ಸಂಸ್ಥಾನಕ್ಕೆ ಅದು ಬಂದಿದ್ದು 1898ರಲ್ಲಿ. ಹಿರಿಯೂರು ಕಡೆಯವರಾದರೆ ಮಾರಿಕಣಿವೆ ಕಟ್ಟುವಾಗ ಎಷ್ಟು ವಯಸ್ಸು ಅಂತ ಕೇಳಿ, ಅಣೆಕಟ್ಟು ಮುಗಿದಿದ್ದು 1907ರಲ್ಲಿ.

ಯಾವ ಕಚೇರಿಗೆ ಹೋಗಬೇಕು

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ಕ್ಕೆ. ಅಲ್ಲಿವರೆಗೆ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ಜಿಲ್ಲಾ ಮಟ್ಟದ ಹಳೆಯ ಕಡತ ಬೇಕಾದರೆ ಈಗಿನ ಜಿಲ್ಲೆ ನೋಡದೆ ಆ ಕಾಲದ ಜಿಲ್ಲೆ ನೋಡಬೇಕು. ಹರಪನಹಳ್ಳಿ ಕಡೆ 1953ರವರೆಗೆ ಮದ್ರಾಸಿನ ಆಡಳಿತ, ಅಲ್ಲಿನ ಕಾಗದದಲ್ಲಿ ಫಸಲಿ (ಕಂದಾಯದ ಲೆಕ್ಕದ) ವರ್ಷ ಬರೆದಿರುತ್ತಾರೆ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಇಂಗ್ಲಿಷ್ ಪುಸ್ತಕ, ವರದಿಗಳಲ್ಲಿ ಚಿತ್ರದುರ್ಗವನ್ನು ಚಿತಲ್‌ದ್ರುಗ್ ಅಂತ ಬರೆದಿದ್ದಾರೆ, ಹಾಗೆ ಹುಡುಕಿದರೇ ಸಿಗುತ್ತದೆ.

ಊರಿನ ಹೆಸರು ಯಾವ ಪಟ್ಟಿಯಲ್ಲೂ ಸಿಗದಿದ್ದರೆ ಅದು ಬೇಚರಾಕ್ ಗ್ರಾಮ ಆಗಿರಬಹುದು. ಅಂದರೆ ಜನ ಬಿಟ್ಟು ಹೋದ ಊರು. ಮನೆ ಒಂದೂ ಇರುವುದಿಲ್ಲ, ಮತದಾರರ ಪಟ್ಟಿ ಇರುವುದಿಲ್ಲ, ಆದರೆ ಕಂದಾಯದ ಲೆಕ್ಕದಲ್ಲಿ ಊರು ಹಾಗೇ ಬದುಕಿರುತ್ತದೆ, ಸರ್ವೆ ನಂಬರುಗಳೆಲ್ಲ ಅದರ ಹೆಸರಲ್ಲೇ ಇರುತ್ತವೆ.

ಮರಣ ದಾಖಲೆ

ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಕರ್ನಾಟಕದಲ್ಲಿ ಜಾರಿಗೆ ಬಂದಿದ್ದು 1970ರ ಏಪ್ರಿಲ್ 1ರಿಂದ. ಅದಾದ ಮೇಲೆ ತೀರಿಕೊಂಡವರದ್ದು ಸಿಗುವ ಸಾಧ್ಯತೆ ಇದೆ. ಅದಕ್ಕೂ ಹಿಂದಿನದನ್ನು ಊರಿನ ಪಟೇಲರು, ಶಾನುಭೋಗರು ಬರೆಯುತ್ತಿದ್ದರು. ಆ ವಂಶಪಾರಂಪರ್ಯದ ಹುದ್ದೆಗಳು 1963ರಲ್ಲಿ ಹೋದವು. ಪುಸ್ತಕಗಳು ಕೆಲವು ತಾಲ್ಲೂಕು ಕಚೇರಿ ಸೇರಿದವು, ಕೆಲವು ಗೆದ್ದಲು ಪಾಲಾದವು. ಕೇಳಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಸಾವು ನೋಂದಣಿ ಆಗುವುದು ಸಾವು ಆದ ಜಾಗದಲ್ಲಿ, ಬಾಳಿದ ಊರಲ್ಲಿ ಅಲ್ಲ. ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯವರನ್ನು ಕಡೆಗಾಲದಲ್ಲಿ ದಾವಣಗೆರೆಯ ದೊಡ್ಡಾಸ್ಪತ್ರೆಗೆ ತಂದಿರುತ್ತಾರೆ, ಅಲ್ಲೇ ಜೀವ ಹೋಗಿರುತ್ತದೆ, ಮಣ್ಣು ಮಾಡಿದ್ದು ಊರಲ್ಲಿ. ಮನೆಯವರು ಊರಿನ ಪುಸ್ತಕದಲ್ಲಿ ಹುಡುಕಿ ಇಲ್ಲ ಅಂತ ಬಿಟ್ಟುಬಿಡುತ್ತಾರೆ. ಅದು ದಾವಣಗೆರೆ ಪಾಲಿಕೆಯ ಪುಸ್ತಕದಲ್ಲಿರುತ್ತದೆ. ನಮ್ಮ ದೊಡ್ಡಪ್ಪನದ್ದು ಹೀಗೇ ಸಿಕ್ಕಿದ್ದು.

ಕೇಳುವಾಗ ವರ್ಷ ಗೊತ್ತಿಲ್ಲದಿದ್ದರೆ ಅಂದಾಜು ಐದು ವರ್ಷದ ಅವಧಿ ಕೊಟ್ಟು, ಆ ಪುಸ್ತಕಗಳನ್ನು ಹುಡುಕಿಕೊಡಿ ಅಂತ ಅರ್ಜಿ ಹಾಕಿ. ಹುಡುಕುವ ಶುಲ್ಕ ಇರುತ್ತದೆ, ಜಾಸ್ತಿ ಅಲ್ಲ. ಸಿಗದಿದ್ದರೆ "ದಾಖಲೆ ಲಭ್ಯವಿಲ್ಲ" ಅಂತ ಬರಹದಲ್ಲೇ ತೆಗೆದುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆದಿರುವುದಿಲ್ಲ. ಕಾಯ್ದೆಯೇ ಹಾಗಿದೆ, ಪುಸ್ತಕದಲ್ಲಿ ಇದ್ದರೂ ನಕಲಿನಲ್ಲಿ ಕೊಡುವ ಹಾಗಿಲ್ಲ.

ಪೌತಿ ಖಾತೆ, ಇದೇ ಮುಖ್ಯ

ತುಂಡು ಜಮೀನಿದ್ದ ಮನೆಯಾದರೂ ಸಾಕು, ನಿಮ್ಮ ಹಿರಿಯರು ಕಾಗದದಲ್ಲಿ ಇರುತ್ತಾರೆ. ಯಾಕೆಂದರೆ ಸಾವನ್ನು ಬರೆಸುವುದು ಬಿಟ್ಟರೂ ಬಿಟ್ಟಾರು, ಸತ್ತವನ ಹೆಸರಿನಿಂದ ಜಮೀನನ್ನು ಮಕ್ಕಳ ಹೆಸರಿಗೆ ಮಾಡಿಸುವುದನ್ನು ಒಂದಲ್ಲ ಒಂದು ದಿನ ಮಾಡಲೇಬೇಕಿತ್ತು. ಅದೇ ಪೌತಿ ಖಾತೆ, ಪೌತಿ ಅಂದರೆ ಸಾವು. ಅದರಲ್ಲಿ ಸತ್ತವರು ಯಾರು, ವಾರಸುದಾರರು ಯಾರು ಯಾರು, ಸಂಬಂಧ ಏನು ಎಲ್ಲ ಇರುತ್ತದೆ. ನಮ್ಮ ಸೀಮೆಯಲ್ಲಿ ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ ಅಂತ ನನ್ನ ಅನುಭವ.

ಹೀಗೆ ಹೋಗಿ. ಈಗಿನ ಪಹಣಿ ತೆಗೆಯಿರಿ, ಭೂಮಿ ವೆಬ್‌ಸೈಟಿನಲ್ಲೋ ನಾಡಕಚೇರಿಯಲ್ಲೋ ಸಿಗುತ್ತದೆ. ಸರ್ವೆ ನಂಬರು, ಹಿಸ್ಸಾ ಬರೆದುಕೊಳ್ಳಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ನೇ ಕಾಲಂನಲ್ಲಿ ಜಮೀನು ಅವರಿಗೆ ಹೇಗೆ ಬಂತು ಅಂತ ಒಂದು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ನಂಬರು ಇರುತ್ತದೆ. ಆ ನಂಬರೇ ಹಿಂದಿನ ಮೆಟ್ಟಿಲು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಆ ಎಂ.ಆರ್. ನಕಲು ತೆಗೆಯಿರಿ, ಅದರಲ್ಲಿ ಹಿಂದಿನ ಖಾತೆದಾರನ ಹೆಸರು ಸಿಗುತ್ತದೆ. ಕಂಪ್ಯೂಟರ್ ಬರುವ ಮುಂಚಿನದಕ್ಕೆ ಕೈಬರಹದ ಪಹಣಿ ಕೇಳಿ, ಅದಕ್ಕೂ ಹಿಂದೆ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್, ಜಮೀನುಗಳ ಸೂಚಿ) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್, ಹಕ್ಕು ದಾಖಲೆ) ಅಂತ ಕೇಳಿ. ಈ ಪುಸ್ತಕಗಳು ಮೈಸೂರು ಸಂಸ್ಥಾನದ ಕಾಲದವು. ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಹಾಗಾಗಿ ನಿಮ್ಮ ಊರಿನದು ಆಗಿದೆಯಾ ಅಂತ ಮೊದಲು ವಿಚಾರಿಸಿ.

ಹಳೆಯ ಬರಹ ಓದಲು ಕೆಲವು ಮಾತು ಗೊತ್ತಿರಬೇಕು. "ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ. "ಯಾನೆ" ಅಥವಾ "ಉರುಫ್" ಇದ್ದರೆ ಅದು ಇನ್ನೊಂದು ಹೆಸರು, ಅದನ್ನು ಬಿಡಬೇಡಿ, ಮನೆಯಲ್ಲಿ ಕರೆಯುತ್ತಿದ್ದುದು ಅದೇ ಇರಬಹುದು. ಅಂಕಿಗಳೆಲ್ಲ ಕನ್ನಡದವು. ಕೆಲವು ಶಾನುಭೋಗರ ಮೋಡಿ ಬರಹ ಓದುವುದು ಕಷ್ಟ, ತಾಲ್ಲೂಕು ಕಚೇರಿ ಎದುರಿನ ಹಳೆಯ ಅರ್ಜಿ ಬರೆಯುವವರ ಹತ್ತಿರ ತೋರಿಸಿ, ನಿವೃತ್ತರಾದ ಶೇಕದಾರರು ಯಾರಾದರೂ ಪರಿಚಯ ಇದ್ದರೆ ಇನ್ನೂ ಒಳ್ಳೆಯದು.

ನಾನು ಮೂರು ಸಲ ಹೋಗಿ ಬಂದೆ. ಮೊದಲ ಸಲ ಪುಸ್ತಕ ಇಲ್ಲ ಅಂದರು, ಎರಡನೇ ಸಲ ಇದೆ ಆದರೆ ಇವತ್ತು ತೆಗೆಯಲು ಆಗಲ್ಲ ಅಂದರು. ಮೂರನೇ ಸಲ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಒಬ್ಬರು ಒಂದು ದಪ್ಪ ರಟ್ಟಿನ ಪುಸ್ತಕವನ್ನು ತಂದು ಮೇಜಿನ ಮೇಲೆ ಇಟ್ಟರು. ಅಂಚೆಲ್ಲ ಪುಡಿ ಪುಡಿ, ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. 1938ರ ಕೊನೆಯ ನಮೂದುಗಳ ನಡುವೆ ನಮ್ಮ ಸರ್ವೆ ನಂಬರು ಕಂಡಿತು. ಖಾತೆದಾರ ಪೌತಿಯಾದ್ದರಿಂದ ವಾರಸು ಮೈನರ್ ಮಗ, ಅಂತ ನನ್ನ ಅಜ್ಜನ ಹೆಸರು. ಆಗ ಅವನಿಗೆ ಎಂಟೋ ಒಂಬತ್ತೋ ವರ್ಷ ಇರಬೇಕು. ಅದರ ಮುಂದೆ "ಗಾರ್ಡಿಯನ್ ತಾಯಿ" ಅಂತ ಬರೆದು ಒಂದು ಹೆಸರು, ಆಮೇಲೆ ಕೋಂ, ಆಮೇಲೆ ಮುತ್ತಜ್ಜನ ಹೆಸರು. ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಅಜ್ಜಿಯ ಹೆಬ್ಬೆಟ್ಟು ಅದು. ಎಷ್ಟು ಹೊತ್ತು ನೋಡುತ್ತಾ ನಿಂತೆನೋ, ಅವರೇ "ನಕಲು ಬೇಕಾ ನಿಮಗೆ" ಅಂತ ಎಚ್ಚರಿಸಿದರು.

ಹೆಸರು ಓದಿದಾಗ ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿತು. ಮನೆಗೆ ಬಂದು ಅಟ್ಟ ಹತ್ತಿ ಆ ಹಿತ್ತಾಳೆ ಬೋಗುಣಿ ಇಳಿಸಿದೆ. ಹುಣಸೆಹಣ್ಣು ಹಚ್ಚಿ ಉಜ್ಜಿದ ಮೇಲೆ ಚುಕ್ಕಿಗಳು ಸ್ಪಷ್ಟ ಆದವು. ಅದೇ ಹೆಸರು. ಕೆಳಗಿನ ಗಂಡಸಿನ ಹೆಸರು ಅವಳ ಅಪ್ಪನದು, ಊರು ಅವಳ ತವರು, ಜಗಳೂರಿನ ಪಕ್ಕದ ಹಳ್ಳಿ. ಮದುವೆಯಲ್ಲಿ ತವರಿಂದ ಕೊಟ್ಟ ಬೋಗುಣಿ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಅದರಲ್ಲೇ ರೊಟ್ಟಿ ಹಿಟ್ಟು ಕಲಸಿದ್ದರು.

ಹೆಂಗಸರನ್ನು ಹುಡುಕುವವರು ಇದನ್ನು ನೆನಪಿಡಿ. ಗಂಡ ಬದುಕಿರುವವರೆಗೆ ಅವರ ಹೆಸರು ಕಾಗದಕ್ಕೆ ಬರುವುದೇ ಅಪರೂಪ. ಗಂಡ ಸತ್ತು ಮಕ್ಕಳು ಚಿಕ್ಕವರಿದ್ದಾಗ, ಜಮೀನು ಅಡವಿಟ್ಟಾಗ, ಭಾಗ ಆದಾಗ ಮಾತ್ರ ಬರುತ್ತದೆ. ಕಷ್ಟದ ವರ್ಷಗಳ ಕಾಗದದಲ್ಲಿ ಹುಡುಕಿ. ಭಾಗಪತ್ರ, ಕ್ರಯಪತ್ರ ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲಿರುತ್ತದೆ. 2004ರ ನಂತರದ ಋಣಭಾರ ಪತ್ರ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಭಾಗದ ದಾವಾ ಕೋರ್ಟಿಗೆ ಹೋಗಿದ್ದ ಮನೆಗಳಿಗೆ ಇನ್ನೂ ಸುಲಭ, ದಾವೆಯ ಕಾಗದದಲ್ಲಿ ವಂಶಾವಳಿಯನ್ನೇ ಬರೆದು ಹಾಕಿರುತ್ತಾರೆ.

ಒಂದು ಎಚ್ಚರಿಕೆ. ಎಂ.ಆರ್.ನಲ್ಲಿರುವ ದಿನಾಂಕ ಖಾತೆ ಬದಲಾದ ದಿನ, ಸತ್ತ ದಿನ ಅಲ್ಲ. ನಮ್ಮದರಲ್ಲಿ ನಡುವೆ ಹತ್ತು ತಿಂಗಳು. ಕೆಲವು ಮನೆಗಳಲ್ಲಿ ನಲವತ್ತು ವರ್ಷ ಇರುತ್ತದೆ.

ಜಮೀನೇ ಇಲ್ಲದ ಮನೆಯಾದರೆ

ಬೇರೆಯವರ ಹೊಲ ಗೇಣಿಗೆ ಮಾಡುತ್ತಿದ್ದರೆ ಕೈಬರಹದ ಪಹಣಿಯ 12ನೇ ಕಾಲಂ ನೋಡಿ, ಸಾಗುವಳಿ ಮಾಡುತ್ತಿದ್ದವರ ಹೆಸರು ಅಲ್ಲಿರುತ್ತದೆ. 1974ರ ಭೂ ಸುಧಾರಣೆಯಲ್ಲಿ ಉಳುವವನೇ ಒಡೆಯ ಅಂತ ಆದಾಗ ಗೇಣಿದಾರರು ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ 7 ಅರ್ಜಿ ಹಾಕಿದ್ದರು, ಭೂ ನ್ಯಾಯಮಂಡಳಿಯ ಆ ಕಡತಗಳಲ್ಲಿ ಅಪ್ಪ, ಅಜ್ಜ ಎಷ್ಟು ವರ್ಷದಿಂದ ಉಳುತ್ತಿದ್ದರು ಅನ್ನುವ ಹೇಳಿಕೆಯೇ ಇರುತ್ತದೆ. ದಾವಣಗೆರೆಯ ಹತ್ತಿ ಮಿಲ್ಲುಗಳಿಗೆ ಬಂದು ಸೇರಿದ ಮನೆಗಳಲ್ಲಿ ಇಎಸ್‌ಐ ಚೀಟಿ, ಪಿಎಫ್ ನಾಮಿನಿ ಕಾಗದ ಹುಡುಕಿ. ಶಾಲೆಯ ದಾಖಲಾತಿ ಪುಸ್ತಕ ಎಲ್ಲರಿಗೂ ಕೆಲಸಕ್ಕೆ ಬರುತ್ತದೆ. ಅಪ್ಪನ ಹೆಸರು, ಊರು ಅದರಲ್ಲಿ ನಂಬಬಹುದು, ಹುಟ್ಟಿದ ದಿನ ಮಾತ್ರ ಬಹಳ ಸಲ ಮೇಷ್ಟ್ರು ಅಂದಾಜಿಗೆ ಬರೆದದ್ದು. 2002ರ ಮತದಾರರ ಪಟ್ಟಿ ಚುನಾವಣಾ ಅಧಿಕಾರಿಗಳ ವೆಬ್‌ಸೈಟಿನಲ್ಲಿದೆ, ಆಗಿನ ಕ್ಷೇತ್ರಗಳು ಬೇರೆ ಅನ್ನೋದು ನೆನಪಿರಲಿ, ಭರಮಸಾಗರ ಆಗ ಒಂದು ಕ್ಷೇತ್ರವಾಗಿತ್ತು. ಕ್ರೈಸ್ತರ ಮನೆಗಳಿಗೆ ಚರ್ಚಿನ ಜ್ಞಾನಸ್ನಾನ ಮತ್ತು ಸಮಾಧಿ ಪುಸ್ತಕ, ಮುಸ್ಲಿಮರ ಮನೆಗಳಿಗೆ ಖಾಜಿಗಳ ನಿಕಾಹ್ ಪುಸ್ತಕ ಮೊದಲು ಕೇಳಬೇಕಾದವು.

ಡಿಎನ್‌ಎ ಕೊನೆಗೆ

ಡಿಎನ್‌ಎ ಪರೀಕ್ಷೆ ಹೆಸರು ಹೇಳುವುದಿಲ್ಲ. ಇಬ್ಬರು ಬದುಕಿರುವವರ ನಡುವೆ ಕರುಳಬಳ್ಳಿ ಇದೆಯಾ, ಎಷ್ಟು ಹತ್ತಿರ ಅಂತ ಮಾತ್ರ ಹೇಳುತ್ತದೆ. ಹೋಲಿಸಲು ಇನ್ನೊಬ್ಬರು ಬೇಕು. ಕಂಪನಿಗಳ ಪಟ್ಟಿಯಲ್ಲಿ ನಮ್ಮ ಕಡೆಯವರು ಬಹಳ ಕಮ್ಮಿ, ಸುಮ್ನೆ ಕಿಟ್ ತರಿಸಿ ಉಗುಳು ಕಳಿಸಿದರೆ ದೂರದ ನಾಲ್ಕು ಹೆಸರು ಬರಬಹುದು, ಅಷ್ಟೇ. ನೀವು ದಕ್ಷಿಣ ಭಾರತದವರು ಅಂತ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ, ಅದು ನಮಗೆ ಗೊತ್ತಿರುವುದೇ ಅಲ್ವಾ. ಹಾಗಾಗಿ ಮೊದಲು ಕಾಗದದಿಂದ ಒಂದು ಪ್ರಶ್ನೆ ತಯಾರು ಮಾಡಿಕೊಳ್ಳಿ, "ಈ ಮನೆ, ಆ ಮನೆ ಒಂದೇ ಮೂಲದವಾ" ಅಂತ. ಆಮೇಲೆ ಎರಡೂ ಮನೆಯವರು ಒಪ್ಪಿ ಪರೀಕ್ಷೆ ಮಾಡಿಸಿ.

ಸಾಮಾನ್ಯ ಪರೀಕ್ಷೆಗೆ ಆಟೋಸೋಮಲ್ ಅಂತಾರೆ. ಅಜ್ಜಿಯಿಂದ ನಮಗೆ ಬರುವುದು ಸುಮಾರು ಕಾಲು ಭಾಗ, ಮುತ್ತಜ್ಜಿಯಿಂದ ಎಂಟನೇ ಒಂದು. ಇಬ್ಬರ ಅಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಆ ಇಬ್ಬರಲ್ಲಿ ಸುಮಾರು ಶೇ. 3ರಷ್ಟು ಒಂದೇ ಇರುತ್ತದೆ. ಮುತ್ತಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಶೇ. 1ಕ್ಕೂ ಕಮ್ಮಿ, ಹತ್ತರಲ್ಲಿ ಒಂದು ಜೋಡಿಗೆ ಏನೂ ಕಾಣದೇ ಹೋಗಬಹುದು. ಅದಕ್ಕೇ ಮನೆಯಲ್ಲಿ ಹಿರಿಯರದ್ದನ್ನೇ ಮಾಡಿಸಬೇಕು, ನಿಮ್ಮದಲ್ಲ. ಒಂದು ತಲೆ ಹಿಂದೆ ಹೋದರೆ ಗುರುತು ಎರಡರಷ್ಟು ಗಟ್ಟಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗಳು, ಸೋದರತ್ತೆ ಮಗ, ಹೀಗೆ ಒಳಗೊಳಗೇ ಮದುವೆ ಆಗುತ್ತಾ ಬಂದಿದ್ದೇವೆ. ಒಂದೇ ಹಿರಿಯರಿಂದ ಎರಡು ಮೂರು ದಾರಿಯಲ್ಲಿ ರಕ್ತ ಬಂದಿರುತ್ತದೆ. ಕಂಪನಿಯ ಲೆಕ್ಕ ಅದನ್ನು ಹತ್ತಿರದ ಸಂಬಂಧ ಅಂತ ತೋರಿಸುತ್ತದೆ, ನಿಜವಾದ ಸಂಬಂಧ ಒಂದೆರಡು ತಲೆ ದೂರ ಇರುತ್ತದೆ. ಅವರು ಹೇಳಿದ ಸಂಬಂಧದ ಹೆಸರನ್ನು ಹಾಗೇ ನಂಬಬೇಡಿ.

ವೈ ಪರೀಕ್ಷೆ ಬೇರೆ. ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಹೆಚ್ಚು ಕಡಿಮೆ ಬದಲಾಗದೆ ಹೋಗುತ್ತದೆ, ಹಾಗಾಗಿ ಒಂದೇ ಬೆಡಗಿನ ಎರಡು ಮನೆ ನಿಜವಾಗಿ ಒಬ್ಬ ಅಜ್ಜನವಾ ಅಂತ ನೋಡಲು ಇದು ಸರಿ. ಹೊಂದದಿದ್ದರೆ ಯಾರ ಮೇಲೂ ಅನುಮಾನ ಪಡಬೇಡಿ. ದತ್ತು ತಂದಿರಬಹುದು, ಮನೆ ಅಳಿಯನಾಗಿ ಬಂದವನ ಮಕ್ಕಳು ಹೆಂಡತಿ ಮನೆಯ ಬೆಡಗನ್ನೇ ಹಿಡಿದಿರಬಹುದು. ನಮ್ಮ ಕಡೆ ಇದು ತುಂಬಾ ಸಹಜ. ತಾಯಿಯ ಕಡೆಯದಕ್ಕೆ ಮೈಟೋಕಾಂಡ್ರಿಯಾ ಪರೀಕ್ಷೆ ಇದೆ, ಅದು ಬಹಳ ಹಿಂದಿನದನ್ನು ಹೇಳುತ್ತದೆ, ಮುತ್ತಜ್ಜಿಯ ಮಟ್ಟಕ್ಕೆ ಅಷ್ಟು ಉಪಯೋಗ ಇಲ್ಲ.

ಮಾಡಿಸುವ ಮುಂಚೆ ಕೂತು ಮಾತಾಡಿ. ಯಾರಿಗೂ ಗೊತ್ತಿಲ್ಲದ ವಿಷಯ ಹೊರಗೆ ಬರಬಹುದು, ಅದಕ್ಕೆ ಎಲ್ಲರೂ ತಯಾರಿದ್ದಾರಾ ಕೇಳಿ. ಮಾಹಿತಿಯ ಭದ್ರತೆಯೂ ಸಣ್ಣ ವಿಷಯ ಅಲ್ಲ, 2023ರಲ್ಲಿ 23ಅಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ವಿವರ ಸೋರಿಹೋಯಿತು, 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಾದರಿ ಮತ್ತು ವಿವರ ಅಳಿಸಿಹಾಕಲು ಅವಕಾಶ ಇದೆಯಾ ಅಂತ ಮೊದಲೇ ಓದಿ. ಇನ್ನು ಉಗುಳು ಕೊಡುವ ಅರ್ಧ ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ನಮ್ಮ ಹಿರಿಯರಿಗೆ ಎಲೆ ಅಡಿಕೆ ಬಿಡಿಸುವುದೇ ಇಲ್ಲಿ ದೊಡ್ಡ ಕೆಲಸ. ಬಾಯಿ ಚೆನ್ನಾಗಿ ಮುಕ್ಕಳಿಸಿ, ಅರ್ಧ ಗಂಟೆ ಪಕ್ಕದಲ್ಲೇ ಕೂತು ಮಾತಾಡಿಸುತ್ತಾ ಇರಿ.

ಜಗಳೂರಜ್ಜಿಗೆ ಈ ಪರೀಕ್ಷೆ ಬೇಕಾಗಲಿಲ್ಲ. ಬೋಗುಣಿಯ ಮೇಲಿದ್ದ ಊರಿಗೆ ಹೋಗಿ ಕೇಳಿದಾಗ ಅವಳ ತಮ್ಮನ ಮೊಮ್ಮಗ ಸಿಕ್ಕಿದರು, ಅವರ ಮನೆಯಲ್ಲೂ "ಆನಗೋಡು ಕಡೆಗೆ ಕೊಟ್ಟ ಅತ್ತೆ" ಅಂತ ನೆನಪಿತ್ತು, ಹೆಸರೂ ಅದೇ. ನಮಗೆ ಈಗ ಉಳಿದಿರುವುದು ಮುತ್ತಜ್ಜನ ಕಡೆಯ ಪ್ರಶ್ನೆ. ಹೊಳಲ್ಕೆರೆ ಹತ್ತಿರದ ಒಂದು ಊರಲ್ಲಿ ನಮ್ಮದೇ ಬೆಡಗು, ನಮ್ಮದೇ ಮನೆದೇವರು ಇರುವ ಒಂದು ಮನೆ ಇದೆ, ಬರದಲ್ಲಿ ಅಣ್ಣ ಅಲ್ಲಿ ಉಳಿದ, ತಮ್ಮ ಇತ್ತ ಬಂದ ಅಂತ ಎರಡೂ ಕಡೆ ಹೇಳುತ್ತಾರೆ. ಆ ಕಾಲದ ಎಂ.ಆರ್. ಇಲ್ಲ, ಹಾಗಾಗಿ ಅವರ ಮನೆಯ ಹಿರಿಯರೊಬ್ಬರದ್ದು, ನಮ್ಮಪ್ಪನದ್ದು ವೈ ಪರೀಕ್ಷೆ ಮಾಡಿಸೋಣ ಅಂತ ಕೇಳಿದೆ. ಮೆಕ್ಕೆಜೋಳ ಮನೆಗೆ ಬರಲಿ, ಆಮೇಲೆ ಕೊಡ್ತೀನಿ ಅಂದಿದ್ದಾರೆ.